ಅಪ್ಪಿದರೆ ಗುಂಡು, ಒರಗಿದರೆ ಬಂಡೆ

"ಸರ್, ಗುರುತಿಗೊಂದು ಕಲ್ಲ ಇಡಬೇಕಲ್ರಿ. ಗುಂಡು ಇಡೂಣೇನು, ಬಂಡಿ ಇಡೂಣೇನು?"

ದೇವಾಪುರದ ಹೊಲದಲ್ಲಿ, ಮಾಸ್ತರರ ಮಣ್ಣಾದ ಮೂರನೆಯ ದಿನ, ಅವರ ತಮ್ಮ ನನ್ನನ್ನು ಬದಿಗೆ ಕರೆದು ಹೀಗೆ ಕೇಳಿದ. ಹಾಲುತುಪ್ಪ ಬಿಟ್ಟಾಗಿತ್ತು. ಬಂದ ನೆಂಟರು ಒಬ್ಬೊಬ್ಬರಾಗಿ ಟಂಟಂ ಹತ್ತುತ್ತಿದ್ದರು. ಬಿಸಿಲಿಗೆ ನನ್ನ ತಲೆ ಸುತ್ತುತ್ತಿತ್ತು, ಮೊಣಕಾಲು ಬೇರೆ ಹಿಡಿದಿತ್ತು. ಈ ವಯಸ್ಸಿನಲ್ಲಿ ಯಾರ ಮಣ್ಣಿಗೂ ಹೋಗಬಾರದು. ಹೋದರೆ ಮುಂದಿನ ಸರದಿ ಯಾರದು ಎಂಬ ಯೋಚನೆ ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ಆ ಪ್ರಶ್ನೆ ಕೇಳಿ ನಗು ಬಂತು.

"ಯಾವ್ದಾದ್ರ ಏನಪಾ, ಕಲ್ಲಂದ್ರ ಕಲ್ಲು," ಎಂದೆ.

"ನಮಗ ಯಾವ್ದಾದ್ರೂ ನಡೀತದ್ರಿ. ನಮ್ಮಣ್ಣಗ ನಡೀಬೇಕಲ್ಲ? ತಪ್ಪು ಕಲ್ಲ ಇಟ್ವಿ ಅಂದ್ರ ಒಳಗಿಂದ ಎದ್ದು ಬಂದು ಪಾಠ ಮಾಡ್ತಾನ."

ಅವನು ಹೇಳಿದ್ದು ಖರೆ. ಬೇವಿನ ಗಿಡದ ಕೆಳಗೆ ಮಾಸ್ತರರ ಹೆಂಡತಿ ಒಬ್ಬರೇ ಕೂತಿದ್ದರು. ಅವರನ್ನು ಕೇಳಬೇಕಾದ ಮಾತು ಅದು. ಆದರೆ ಯಾರು ಕೇಳಬೇಕು, ಹೇಗೆ ಕೇಳಬೇಕು? "ಜರಾ ತಡಿ, ಅವ್ರು ನೀರು ಕುಡೀಲಿ," ಎಂದು ಬದುವಿನ ಮೇಲೆ ಕೂತೆ.

ಮಾಸ್ತರರ ಹೆಸರು ಬರೆಯುವುದಿಲ್ಲ. ಸುರಪುರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದರು, ಊರೆಲ್ಲ ಮಾಸ್ತರು ಎನ್ನುತ್ತಿತ್ತು, ಅಷ್ಟು ಸಾಕು. ನಾನು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಶಹಾಪುರದಿಂದ ದಿನಾ ಬಸ್ಸಿಗೆ ಬಂದು ಹೋಗುವ ಹಣೆಬರಹ ನನ್ನದು. ಅವರ ಮನೆ ಅಲ್ಲೇ ರಂಗಂಪೇಟೆಯಲ್ಲಿ. ಮೂವತ್ತು ವರ್ಷದ ಹತ್ತಿರ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತಿದ್ದೇವೆ. ಗೆಳೆತನ ಅಂತ ಮಾಡಿಕೊಂಡದ್ದಲ್ಲ. ಅವರು ಬಿಡಲಿಲ್ಲ, ನನಗೆ ತಪ್ಪಿಸಿಕೊಳ್ಳುವಷ್ಟು ತ್ರಾಣ ಇರಲಿಲ್ಲ.

ಗಿಡ್ಡ ಆಳು. ದಪ್ಪ ಕುತ್ತಿಗೆ. ಅಂಗಿಯ ಎದೆಯ ಭಾಗ ಯಾವಾಗಲೂ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು, ಒಂದಾದರೂ ಗುಂಡಿ ಕಿತ್ತಿರುತ್ತಿತ್ತು. ಹೊಸಬರು ನೋಡಿದರೆ ಈ ಮನುಷ್ಯ ಎಲ್ಲೋ ಬಿದ್ದು ಎದ್ದು ಬಂದಿದ್ದಾನೆ ಎಂದುಕೊಳ್ಳುತ್ತಿದ್ದರು. ಬಿದ್ದದ್ದಲ್ಲ, ಕಲ್ಲು ಅಪ್ಪಿಕೊಂಡು ಬಂದದ್ದು. ನಗಬೇಡಿ, ನಿಜವಾಗಿಯೂ ಅಪ್ಪಿಕೊಳ್ಳುತ್ತಿದ್ದರು.

ಅವರಿಗೆ ಹಿಡಿದಿದ್ದ ಹುಚ್ಚು ಒಂದೇ. ಬಂಡೆ ಎಂಬ ಮಾತಿನ ಅರ್ಥವೇನು, ಅದು ಎಲ್ಲಿಂದ ಬಂತು? ನಮ್ಮ ಕಡೆ ಬಂಡೆ ಎಂದು ಯಾರೂ ಅನ್ನುವುದಿಲ್ಲ, ಬಂಡಿ ಅನ್ನುತ್ತಾರೆ. ಎತ್ತು ಹೂಡುವುದನ್ನು ಗಾಡಿ ಅನ್ನುವುದರಿಂದ ತಕರಾರಿಲ್ಲ. ಎತ್ತ ನೋಡಿದರೂ ಕಲ್ಲೇ ಇರುವ ಸೀಮೆ ನಮ್ಮದು. ಶಹಾಪುರದ ಗುಡ್ಡ, ಸುರಪುರದ ಗುಡ್ಡ, ಯಾದಗಿರಿಯ ಕೋಟೆ ಗುಡ್ಡ, ಒಂದರ ಮೇಲೊಂದು ಪೇರಿಸಿಟ್ಟ ಕಲ್ಲುಗಳು. ಇಲ್ಲಿ ಹುಟ್ಟಿದವರು ಅವನ್ನು ತಲೆ ಎತ್ತಿ ನೋಡುವುದೂ ಇಲ್ಲ. ಮಾಸ್ತರು ಮಾತ್ರ ಅವುಗಳ ಕೆಳಗೆ ನಿಂತು, ಹೋಗುವವರನ್ನು ಬರುವವರನ್ನು ತಡೆದು ಕೇಳುತ್ತಿದ್ದರು: "ಇದಕ್ಕ ಏನಂತೀರಿ?"

ಕಂಡಕ್ಟರನನ್ನು ಕೇಳಿದರು. ಕುರಿ ಕಾಯುವವರನ್ನು, ಹೋಟೆಲಿನಲ್ಲಿ ಸೂಸ್ಲಾ ಕೊಡುವವನನ್ನು, ಶಾಲೆ ತಪಾಸಣೆಗೆ ಬಂದ ಸಾಹೇಬರನ್ನು ಕೇಳಿದರು. ಚಿಕ್ಕವರಿರಲಿ ದೊಡ್ಡವರಿರಲಿ ಬಹುವಚನವೇ. "ಇದಕ್ಕ ಏನಂತೀರಿ?" ಎನ್ನುವಾಗ ಕೈ ಕಿಸೆಯ ಪೆನ್ನಿಗೆ ಹೋಗುತ್ತಿತ್ತು. ಸಿಕ್ಕ ಉತ್ತರವನ್ನು ಬಸ್ ಟಿಕೇಟಿನ ಹಿಂದೆ ಬರೆದು ಕಿಸೆಗೆ ತುರುಕುತ್ತಿದ್ದರು. ಆ ಅಂಗಿ ಮರುದಿನ ಒಗೆಯುವ ಕಲ್ಲಿನ ಮೇಲೆ ಬಿದ್ದು ಎಲ್ಲ ನೀರುಪಾಲಾಗುತ್ತಿತ್ತು. ಹಾಗಾದರೂ ಅವರಿಗೆ ಬೇಜಾರಿಲ್ಲ. "ಬರದಿದ್ದು ಹೋದ್ರ ಹೋಗ್ಲಿ ಬಿಡ್ರಿ, ಕೇಳಿದ್ದು ಕಿವ್ಯಾಗ ಅದಲ್ಲ," ಎನ್ನುತ್ತಿದ್ದರು.

ಕೇಳಿ ಕೇಳಿ ಅವರೊಂದು ತೀರ್ಮಾನಕ್ಕೆ ಬಂದಿದ್ದರು. ಅದನ್ನು ನನಗೆ ಮೊದಲು ಹೇಳಿದ್ದು ಶಾಲೆಯ ಹಿಂದಿನ ದಿನ್ನೆಯಲ್ಲಿ, ನಾನು ಪೇಪರು ತಿದ್ದಿ ತಿದ್ದಿ ಕಣ್ಣು ಉರಿದು ಹೊರಗೆ ಬಂದು ನಿಂತಾಗ.

"ನೋಡ್ರಿ, ಮಾತು ಹುಟ್ಟೋದು ಮೈಯಿಂದ. ಎತ್ತಿ ಒಗಿಯಾಕ ಬಂದ್ರ ಕಲ್ಲು. ಅಪ್ಪಾಕ ಬಂದ್ರ ಗುಂಡು. ಅಪ್ಪಾಕ ಬರೂದಿಲ್ಲ, ಬೆನ್ನ ಹಚ್ಚಿ ಒರಗಾಕ ಬರ್ತದ, ಅದು ಬಂಡಿ. ಮಲಗಾಕ ಬಂದ್ರ ಹಾಸರಿ. ಹತ್ತಾಕ ಬಂದ್ರ ಗುಡ್ಡ. ಮುಗೀತು."

"ಅಪ್ಪಾಕ ಬರೂದು ಅಂದ್ರ ಹ್ಯಾಂಗ್ರಿ?"

"ಹಿಂಗ," ಎಂದವರೇ ಪಕ್ಕದ ಕಲ್ಲಿಗೆ ಎದೆ ಹಚ್ಚಿ ಎರಡೂ ಕೈ ಚಾಚಿ ಸುತ್ತಿದರು. ಕೆನ್ನೆ ಕಲ್ಲಿಗೆ ಒತ್ತಿತ್ತು, ಉಸಿರು ಬಿಗಿಹಿಡಿದಿದ್ದರು. ಆಚೆ ಬದಿಯಲ್ಲಿ ಬೆರಳಿಗೆ ಬೆರಳು ಮುಟ್ಟಿತು. "ಮುಟ್ಟಿದ್ರ ಗುಂಡು. ಮುಟ್ಟಲಿಲ್ಲಂದ್ರ ಬಂಡಿ."

"ಟೇಪು ತರ್ಸಿಕೊಡ್ತೀನಿ, ಸುತ್ತಳತಿ ತಗೀರಿ. ಅಂಗಿ ಯಾಕ ಹೊಲಸ ಮಾಡ್ಕೋತೀರಿ?"

"ಟೇಪಿಗೆ ಮಾತು ಬರ್ತದೇನ್ರಿ?" ಎಂದು ನನ್ನ ಮೇಲೆಯೇ ಸಿಟ್ಟಾದರು.

ನಾನು ಗಣಿತದವನು. ಎಲ್ಲಿ ತಪ್ಪಿದೆ ಎಂದು ಹುಡುಕುವುದು ನನ್ನ ಕಸುಬು. ಎರಡು ದಿನ ಬಿಟ್ಟು ಕೇಳಿದೆ: "ಮಾಸ್ತರ, ಗುಡ್ಡದ ನೆತ್ತಿ ಮ್ಯಾಲೆ ಮನಿಯಷ್ಟು ದೊಡ್ಡ ಕಲ್ಲು ಕುಂತಾವಲ್ಲ, ಅವಕ್ಕೂ ಮಂದಿ ಗುಂಡು ಅಂತಾರ. ಅವನ್ನ ಯಾವ ಗಂಡಸು ಅಪ್ತಾನ್ರಿ?"

ಅವರು ಗುಡ್ಡದ ನೆತ್ತಿಯ ಕಡೆ ನೋಡುತ್ತ ಕೆನ್ನೆ ಕೆರೆದುಕೊಂಡರು. "ವಿಚಾರ ಮಾಡ್ತೀನ್ರಿ," ಎಂದರು. ಆ ವಿಚಾರ ರಿಟೈರ್ ಆಗುವ ತನಕವೂ ಮುಗಿಯಲಿಲ್ಲ. ನಡುನಡುವೆ ನಾನು, "ಏನ್ರಿ, ನೆತ್ತಿ ಮ್ಯಾಲಿನ ಗುಂಡು ಏನಂತದ?" ಎಂದು ಚುಚ್ಚುತ್ತಿದ್ದೆ. "ಅಲ್ಲೇ ಕುಂತದ," ಎಂದು ಮುಖ ತಿರುಗಿಸುತ್ತಿದ್ದರು.

ಒಂದು ಭಾನುವಾರ ನನ್ನನ್ನು ಸಗರಕ್ಕೆ ಎಳೆದುಕೊಂಡು ಹೋದರು. ಊರಾಚೆ ದಾರಿಯ ಬದಿಗೆ ಕಲ್ಲುಗಳ ಒಂದು ಗುಂಪು. ಮಾಸ್ತರು ಒಂದೊಂದನ್ನೇ ಅಪ್ಪುತ್ತ, ತಟ್ಟುತ್ತ, ಕಿವಿಗೊಡುತ್ತ ಹೋದರು. ನಾನು ಟವೆಲ್ ತಲೆಗೆ ಹಾಕಿಕೊಂಡು ನೆರಳಿಗೆ ಕೂತೆ. ಸ್ವಲ್ಪ ಹೊತ್ತಿಗೆ ಊರಿನವರು ನಾಲ್ಕಾರು ಮಂದಿ ಬಂದು ಸುತ್ತ ನಿಂತರು. ನಮ್ಮ ಸೀಮೆಯಲ್ಲಿ ದೊಡ್ಡ ಕಲ್ಲು ಎಂದರೆ ಅದರ ಕೆಳಗೆ ಹಿಂದಿನ ರಾಜರ ಕಾಲದ ಧನ ಇದೆ ಎಂದೇ ಲೆಕ್ಕ. ಕಲ್ಲು ತಟ್ಟಿ ಕಿವಿಗೊಡುವವನು ನಿಧಿ ಹುಡುಕುವವನಲ್ಲದೆ ಮತ್ತಾರು?

ಹಿರಿಯನೊಬ್ಬ ಮುಂದೆ ಬಂದು, "ಏನ್ ನಡಸೀರಿ ಇಲ್ಲಿ?" ಎಂದ.

"ಮಾತು ಹುಡಕಾಕತ್ತೇನ್ರಿ," ಎಂದರು ಮಾಸ್ತರು, ಕಲ್ಲು ಬಿಡದೆ.

"ಮಾತು?"

"ಹೌದ್ರಿ. ಇದಕ್ಕ ಏನಂತೀರಿ ನೀವು?"

ಆತ ನನ್ನ ಕಡೆ ನೋಡಿದ. ನಾನು ಕೈ ಜೋಡಿಸಿ, "ಇವ್ರು ಮಾಸ್ತರ್ರಿ, ಪಾಪದ ಮನಷ್ಯಾ," ಎಂದೆ. ನಂಬಿದನೋ ಬಿಟ್ಟನೋ, ಕಳಿಸಿಕೊಟ್ಟರು. ಆದರೆ ಅವರ ಪೈಕಿ ಒಬ್ಬ ಬಸ್ ನಿಲ್ದಾಣದವರೆಗೂ ಹಿಂದೆ ಬಂದು, ಮಾಸ್ತರರ ಕಿವಿಯಲ್ಲಿ, "ಎಲ್ಲಿ ಅದ ಅಂತ ಹೇಳಿಬಿಡ್ರಿ ಸಾಹೇಬ್ರ, ಅರ್ಧಾ ಅರ್ಧಾ ಮಾಡಿಕೊಳ್ಳೂಣು" ಎಂದ. ಮಾಸ್ತರು ಗಂಭೀರವಾಗಿ ಯೋಚಿಸಿ, "ಸಿಕ್ಕಾಗ ಹೇಳಿ ಕಳಸ್ತೀನಿ," ಎಂದರು. ಬಸ್ಸು ಹತ್ತಿದ ಮೇಲೆ ನಾನು ಶಹಾಪುರ ಬರುವವರೆಗೂ ಅವರನ್ನು ಬೈದೆ. ಕಿಟಕಿಯಾಚೆ ಗುಡ್ಡ ಕಾಣಿಸಿತು. ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ ಎಂದು ಹೊರಗಿನವರು ಬಂದು ಫೋಟೋ ಹೊಡೆದುಕೊಳ್ಳುತ್ತಾರಲ್ಲ, ಅದೇ ಗುಡ್ಡ. ಮಾಸ್ತರು ಅದನ್ನೇ ನೋಡುತ್ತ, "ಸುಮ್ಮನಿರ್ರಿ. ಅವನೂ ದಣದು ಮಲಗ್ಯಾನ," ಎಂದರು.

ಗುಂಡಿನ ಹುಟ್ಟು ಅವರಿಗೆ ತಲೆನೋವಾಗಿರಲಿಲ್ಲ. ಗುಂಡಗಿದೆ, ಅದಕ್ಕೆ ಗುಂಡು. ತೊಂದರೆ ಇದ್ದದ್ದು ಬಂಡೆಯದು. ಹಿಂದೆ ಇದಕ್ಕೆ ಅರೆ ಎನ್ನುತ್ತಿದ್ದರಂತೆ. ಅದೀಗ ಹಾಸರೆ ಎಂಬ ಮಾತಿನ ಬಾಲದಲ್ಲಿ ಮಾತ್ರ ಉಳಿದಿದೆಯಂತೆ. ಅರೆ ಹೋಗಿ ಬಂಡೆ ಯಾವಾಗ ಬಂತು, ಯಾರ ಬಾಯಿಂದ ಬಂತು? ಸ್ಟಾಫ್ ರೂಮಿನಲ್ಲಿ ಇದಕ್ಕೆ ಉತ್ತರ ಕೊಡದವರೇ ಇಲ್ಲ. ತೆಲುಗರು ಬಂಡ ಅನ್ನುತ್ತಾರೆ, ಅಲ್ಲಿಂದಲೇ ಬಂದದ್ದು ಎಂದು ಒಬ್ಬರು ಅಂದರೆ, ಮಾಸ್ತರು, "ಅಕ್ಕ ತಂಗಿ ಮಾರಿ ಒಂದೇ ಥರ ಇರ್ತದ್ರಿ. ಅಷ್ಟಕ್ಕ ಅಕ್ಕನ್ನ ತಾಯಿ ಅಂತೀರೇನು?" ಎನ್ನುತ್ತಿದ್ದರು. ಎಷ್ಟು ಹೊಡೆದರೂ ಜಗ್ಗುವುದಿಲ್ಲ, ಭಂಡ ಎಂಬುದರಿಂದಲೇ ಬಂಡೆ ಎಂದು ಹೆಡ್‌ಮಾಸ್ತರರು ಒಮ್ಮೆ ನಕ್ಕರು. ಮಾಸ್ತರು ಚಹಾದ ಕಪ್ಪು ಕೆಳಗಿಟ್ಟು, "ಭಂಡತನ ಮನಷ್ಯಾಂದು ಸಾರ್. ಕಲ್ಲಿಗ್ಯಾಕ ಹಚ್ತೀರಿ?" ಎಂದು ಎದ್ದು ಹೋದರು. ಒಂದು ವಾರ ಹೆಡ್‌ಮಾಸ್ತರರ ಜೊತೆ ಮಾತಿಲ್ಲ.

"ಮತ್ತ ನಿಮ್ಮ ವಿಚಾರ ಏನು?" ಎಂದು ನಾನು ಕೇಳಿದ್ದಕ್ಕೆ ಹೇಳಿದ್ದು ಇಷ್ಟು: "ಬಿಸಲಾಗ ಯಾರೋ ಒಬ್ಬ ನಡದು ನಡದು ಸಾಕಾಗಿ ಬಂದಾನ. ದೊಡ್ಡ ಕಲ್ಲ ಕಂಡದ. ಬೆನ್ನ ಹಚ್ಚ್ಯಾನ. ಉಸ್ಸಪ್ಪಾ ಅಂದ ಮ್ಯಾಲೆ ಬಾಯಿಂದ ಒಂದು ಮಾತು ಬಿದ್ದದ. ಮೊದಲನೇ ಸಲ. ಆ ಮನಷ್ಯಾ ಯಾರು ಅಂತ ಹುಡಕಾಕತ್ತೇನಿ." ಆ ದಿನ ನಾನು ಚುಚ್ಚಲಿಲ್ಲ. ನನಗೂ ಸಾಕಾಗಿತ್ತು, ಹಾಗೆ ಒರಗಲು ಏನಾದರೂ ಸಿಕ್ಕಿದ್ದರೆ ಒರಗುತ್ತಿದ್ದೆ.

ಇಷ್ಟೆಲ್ಲದರ ಬಿಸಿ ತಾಗುತ್ತಿದ್ದುದು ಮನೆಯಲ್ಲಿ ವೈನಿಗೆ. ಮಾಸ್ತರರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಗುರುಮಿಠಕಲ್ ಕಡೆಯ ಹೆಣ್ಣುಮಗಳು, ಮಾತಿನಲ್ಲಿ ತೆಲುಗಿನ ಎಳೆ ಇತ್ತು. ಮಕ್ಕಳಿರಲಿಲ್ಲ. ಕಲ್ಲಿನ ಕಲೆ ಹತ್ತಿದ ಅಂಗಿ ತಿಕ್ಕಿ ತಿಕ್ಕಿ ಅವರ ಕೈಗಳು ಒರಟಾಗಿದ್ದವು. ರಂಗಂಪೇಟೆಯ ಹೆಂಗಸರು ನಲ್ಲಿಯ ಹತ್ತಿರ, "ನಿಮ್ಮ ಸವತಿ ಇವತ್ತು ಯಾ ಗುಡ್ಡದಾಗ ಅದಾಳ?" ಎಂದು ಕಾಡುತ್ತಿದ್ದರಂತೆ. ಅವರೂ ನಗುತ್ತಿದ್ದರು. ಆದರೆ ಒಂದು ಕೊರಗು ಅವರ ಒಳಗಿತ್ತು. ನಾನು ಊಟಕ್ಕೆ ಹೋದಾಗಲೆಲ್ಲ ರೊಟ್ಟಿ ಬಡಿಯುತ್ತ ಅದನ್ನು ಹೊರಗೆ ಹಾಕುತ್ತಿದ್ದರು.

"ನನ್ನ ನೋಡಾಕ ಬಂದಾಗ ಇವ್ರು ಏನ್ ಮಾಡಿದ್ರು ಗೊತ್ತೇನ್ರಿ? ನಮ್ಮ ಅಪ್ಪಗ, ಮನಿ ಮುಂದಿನ ಕಲ್ಲಿಗೆ ಏನಂತೀರಿ ಅಂದ್ರು. ನಮ್ಮ ಕಾಕಾಗ ಕೇಳಿದ್ರು. ಬಾಜೂ ಮನಿಯವ್ರಿಗೆ ಕೇಳಿದ್ರು. ನನ್ನ ಹೆಸರು ಸೈತ ಕೇಳಲಿಲ್ಲ. ಹೋಗ್ಲಿ, ಲಗ್ನ ಆಗಿ ಇಷ್ಟ ವರ್ಷ ಆತು, ಊರ ಮಂದಿನ್ನೆಲ್ಲಾ ಕೇಳ್ಯಾರ, ಒಂದಿನ ನನಗ ಇದಕ್ಕ ಏನಂತಿ ಅಂತ ಕೇಳ್ಯಾರೇನು?"

ಮಾಸ್ತರರ ಉತ್ತರ ಸಿದ್ಧವಿರುತ್ತಿತ್ತು. "ನಿನ್ನ ಮಾತು ಕಲಬೆರಕಿ ಆಗ್ಯಾವ. ತವರಿನ ಮಾತು ಯಾವ್ದು, ಇಲ್ಲಿ ಬಂದು ಕಲ್ತದ್ದು ಯಾವ್ದು, ತಿಳಿಯೂದಿಲ್ಲ. ನಡಿಯೂದಿಲ್ಲ."

"ನೋಡ್ರಿ!" ಎಂದು ವೈನಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆಯುತ್ತಿದ್ದರು. ತಮಾಷೆಯಂತೆ ಹೇಳಿದರೂ ಆ ಹೊತ್ತಿಗೆ ಅವರು ಗಂಡನ ಮುಖ ನೋಡುತ್ತಿರಲಿಲ್ಲ.

ಅವರ ಮನೆಯ ಹಿಂದೆ ಒಂದು ಕಲ್ಲಿದೆ. ಅರ್ಧ ನೆಲದಲ್ಲಿ ಹೂತಿದೆ, ಆಳೆತ್ತರ. ಅದನ್ನು ಅಪ್ಪಲು ಮಾಸ್ತರರ ಕೈ ಒಂದು ಗೇಣಿನಷ್ಟು ಕಡಿಮೆ ಬೀಳುತ್ತಿತ್ತು. ಅದಕ್ಕೆ ಅವರು ಅದನ್ನು ಬಂಡಿ ಎಂದು ಇತ್ಯರ್ಥ ಮಾಡಿದ್ದರು. ಆದರೂ ಪ್ರತಿ ಯುಗಾದಿಗೆ ಎಣ್ಣೆ ನೀರು ಹಾಕಿಕೊಂಡು ಬಂದು ಒಮ್ಮೆ ಅಪ್ಪಿ ನೋಡುತ್ತಿದ್ದರು. ಬರಬರುತ್ತ ಒಂದು ಗೇಣು ಒಂದೂವರೆ ಗೇಣಾಯಿತು. "ಬಂಡಿ ಬೆಳೆಯಾಕತ್ತದೇನ್ರಿ?" ಎಂದು ಚಿಂತೆ ಮಾಡಿದರು. "ಬಂಡಿ ಬೆಳದಿಲ್ಲ, ನಿಮ್ಮ ಹೊಟ್ಟಿ ಬೆಳದದ," ಎಂದು ನಾನು ಹೇಳಿದ್ದಕ್ಕೆ ವೈನಿ ಒಳಗಿನಿಂದ ಗಟ್ಟಿಯಾಗಿ ನಕ್ಕರು.

ರಿಟೈರ್ ಆದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಹಲ್ಲುಜ್ಜಲು ಕೂತವರು ಅಲ್ಲೇ ವಾಲಿದರು. ಕಲಬುರಗಿಗೆ ಒಯ್ದರು, ಜೀವ ಉಳಿಯಿತು. ಬಲಗೈ ಬಲಗಾಲು ಹೋದವು. ಕಾಲು ನಿಧಾನಕ್ಕೆ ಸ್ವಲ್ಪ ಬಂತು, ಕೈ ಬರಲಿಲ್ಲ. ಮಾತೂ ಬರಲಿಲ್ಲ. ತಿಳಿಯುತ್ತಿತ್ತು. ಕಣ್ಣು ನೋಡಿದರೆ ಎಲ್ಲ ತಿಳಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಬಾಯಿ ತೆರೆದರೆ "ಆಂ" ಎಂಬ ಒಂದೇ ಸದ್ದು. ನೀರಿಗೂ ಆಂ, ಸಾಕು ಎನ್ನಲೂ ಆಂ, ಸಿಟ್ಟಿಗೂ ಆಂ. ಎಷ್ಟು ಊರಿನ ಎಷ್ಟು ಮಂದಿಯ ಮಾತು ಕೂಡಿಟ್ಟ ಬಾಯಿ ಅದು! ದೇವರಿಗೆ ಬೇರೆ ಬಾಯಿ ಸಿಗಲಿಲ್ಲವೇ?

ದಿನಾ ಮನೆಯ ಸಾಮಾನು ಒಂದೊಂದೇ ಕೈಯಲ್ಲಿ ಹಿಡಿದು ಕೇಳಿ, ಅವರು ಹೆಸರು ಹೇಳುವ ಪ್ರಯತ್ನ ಮಾಡಲಿ, ಬಿಡದೆ ಮಾಡಿದರೆ ಮಾತು ಬಂದರೂ ಬಂದೀತು, ಎಂದಿದ್ದರು ಡಾಕ್ಟರು. ಅಂದಿನಿಂದ ವೈನಿಗೆ ಅದೇ ಕೆಲಸ. ಬೆಳಗಿನ ಚಹಾ ಆದ ಕೂಡಲೇ ಮಂಚದ ಎದುರು ಕೂರುತ್ತಿದ್ದರು. ತಂಬಿಗೆ ಎತ್ತಿ, "ಇದಕ್ಕ ಏನಂತಾರ್ರಿ?"

"ಆಂ."

"ತಂಬಗಿ. ತಂ-ಬ-ಗಿ. ಅನ್ರಿ. ಇದಕ್ಕ?"

"ಆಂ."

ಲಟ್ಟಣಿಗೆ, ಬಾಚಣಿಗೆ, ಕೀಲಿ, ಉಳ್ಳಾಗಡ್ಡಿ. ಅವರದೇ ಪ್ರಶ್ನೆ, ಅವರಿಗೇ ವಾಪಸು. ಮೊದಲ ದಿನ ಆ ಮಾತು ವೈನಿಯ ಬಾಯಲ್ಲಿ ಕೇಳಿದಾಗ ಮಾಸ್ತರು ಗೋಡೆಯ ಕಡೆ ಹೊರಳಿದರು. ನಾನು ಅಲ್ಲೇ ಇದ್ದೆ. ಚಪ್ಪಲಿ ಹುಡುಕುವ ನೆವದಲ್ಲಿ ಹೊರಗೆ ಬಂದು ನಿಂತೆ.

ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ವೈನಿ ಇನ್ನಷ್ಟು ಇಳಿದುಹೋಗಿರುತ್ತಿದ್ದರು. ಎತ್ತಬೇಕು, ಕೂರಿಸಬೇಕು, ತೊಳೆಯಬೇಕು, ಉಣಿಸಬೇಕು. ಭಾರದ ಆಳು ಮಾಸ್ತರು. ಒಂದು ಮಳೆಗಾಲ ಹೋಯಿತು, ಚಳಿ ಬಂದು ಹೋಯಿತು. ಹೊಸ ಸದ್ದು ಒಂದೂ ಇಲ್ಲ. ಬರುವವರು ಕಡಿಮೆಯಾದರು. ದೇವಾಪುರದಿಂದ ತಮ್ಮ ಬಂದು ಜೋಳ ಇಳಿಸಿ, ಅಣ್ಣನ ಕಾಲು ಒತ್ತಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದ.

ಯುಗಾದಿಯ ದಿನ ನಾನು ಹೋದಾಗ ವೈನಿ ಮಂಚದ ಎದುರು ಕೂತಿದ್ದರು. ಕೈಯಲ್ಲಿ ತಂಬಿಗೆ ಇತ್ತು, ಎತ್ತಿ ಹಿಡಿದಿರಲಿಲ್ಲ. ನನ್ನನ್ನು ನೋಡಿ ಕೆಳಗಿಟ್ಟರು.

"ನನ್ನ ಕೈಲೆ ಆಗವಲ್ಲದ್ರಿ ಇನ್ನ," ಎಂದರು. ಅತ್ತು ಹೇಳಿದ್ದಲ್ಲ, ಅಡುಗೆ ಎಣ್ಣೆ ಮುಗಿಯಿತು ಎನ್ನುವ ಹಾಗೆ ಹೇಳಿದರು. "ಇವತ್ತಿಗೆ ಬಿಡ್ತೀನಿ. ಬಂದ್ರ ಬರ್ಲಿ, ಇಲ್ಲಂದ್ರ ಇಲ್ಲ. ಕೇಳಿ ಕೇಳಿ ನನ್ನ ಮಾತೂ ಸತ್ತು ಹೋಗ್ಯಾವ."

ಬಿಡಬೇಡಿ ಎನ್ನಲು ನಾನ್ಯಾರು? ವಾರಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುವವನು. ಮಾಸ್ತರು ಅದನ್ನೆಲ್ಲ ಕೇಳಿಸಿಕೊಂಡರು. ಎಡಗೈ ಎತ್ತಿ ಹಿತ್ತಲಿನ ಬಾಗಿಲು ತೋರಿಸಿದರು. "ಆಂ," ಎಂದರು. ಮತ್ತೆ, "ಆಂ."

"ಏನ್ ಬೇಕ್ರಿ?" ಎಂದರು ವೈನಿ.

"ಹಬ್ಬ ಅಲ್ಲೇನ್ರಿ ವೈನಿ," ಎಂದೆ ನಾನು. "ಕಲ್ಲಿನ ಕಡೆ ಒಯ್ಯಿ ಅನ್ನಾಕತ್ತಾರ."

ವೈನಿ ಹಣೆ ಬಡಿದುಕೊಂಡರು. "ಇನ್ನೂ ಬಿಟ್ಟಿಲ್ಲಲ್ರಿ ಅದನ್ನ!" ಎಂದರು. ಆದರೂ ಎದ್ದರು. ಒಂದು ಕಡೆ ಅವರು, ಒಂದು ಕಡೆ ನಾನು, ನಡುವೆ ಮಾಸ್ತರರ ಎಳೆಯುವ ಕಾಲು. ಹಿತ್ತಲು ದಾಟುವಷ್ಟರಲ್ಲಿ ಮೂವರಿಗೂ ಏದುಸಿರು. ಕಲ್ಲಿಗೆ ಅವರನ್ನು ಆನಿಸಿ ನಿಲ್ಲಿಸಿದೆವು. ಮಾಸ್ತರು ಕೆನ್ನೆ ಒತ್ತಿದರು, ಎಡಗೈ ಚಾಚಿದರು. ಬಲಗೈ ಕೆಳಗೆ ಜೋತಾಡುತ್ತಿತ್ತು. ಒಂದು ಕೈಯಿಂದ ಅಪ್ಪುವುದೆಂದರೆ ಏನು? ಎಡಗೈ ಬೆರಳುಗಳು ಕಲ್ಲಿನ ಆಚೆ ಬದಿಯಲ್ಲಿ ತಡವುತ್ತ ತಡವುತ್ತ ನಿಂತವು. ಅವರ ಕಣ್ಣಿನಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯಿತು. ನಾನು ಅವರ ಸೊಂಟ ಹಿಡಿದು ನಿಂತಿದ್ದೆ, ಬಿಟ್ಟರೆ ಬೀಳುತ್ತಿದ್ದರು.

ವೈನಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕಲ್ಲಿನ ಆಚೆ ಬದಿಗೆ ಹೋದರು. ಹೋಗಿ ತಮ್ಮ ಎದೆ ಕಲ್ಲಿಗೆ ಹಚ್ಚಿ, ಎರಡೂ ಕೈ ಚಾಚಿದರು. ಒಂದು ಕೈ ಮಾಸ್ತರರ ಎಡಗೈ ಹಿಡಿಯಿತು. ಇನ್ನೊಂದು ಸುತ್ತಿ ಬಂದು ಜೋತಾಡುತ್ತಿದ್ದ ಬಲಗೈಯನ್ನು ಎತ್ತಿ ಹಿಡಿಯಿತು. ಹಾಗೇ ನಿಂತರು. ನಡುವೆ ಕಲ್ಲು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಆಗ ಮಾಸ್ತರರ ಗಂಟಲಿನಲ್ಲಿ ಏನೋ ಕದಲಿತು. ನಾನು ಕೆಮ್ಮು ಎಂದುಕೊಂಡೆ.

"ಇ... ಇದಕ್ಕ," ಎಂದರು. ನಿಂತರು. "ಇದಕ್ಕ... ಏನಂತೀರಿ?"

ತೊದಲು, ಆದರೆ ಮಾತು ಪೂರ್ತಿ. ಅದೂ ಬಹುವಚನದಲ್ಲಿ. ಮದುವೆಯಾದ ದಿನದಿಂದ "ಏ, ಕೇಳಿಲ್ಲಿ" ಎಂದೇ ಕರೆಸಿಕೊಂಡ ಹೆಂಗಸಿಗೆ, ಕಂಡಕ್ಟರನಿಗೆ ಕೇಳಿದ ಹಾಗೆ, ತಪಾಸಣೆಯ ಸಾಹೇಬರಿಗೆ ಕೇಳಿದ ಹಾಗೆ, ಮರ್ಯಾದೆಯಿಂದ ಕೇಳಿದರು. ಕಲ್ಲಿನ ಆಚೆ ವೈನಿ ಅಳುತ್ತಿದ್ದರು. ಅತ್ತು ಮುಗಿಸಿ, ಮೂಗು ಏರಿಸಿಕೊಂಡು ಉತ್ತರ ಕೊಟ್ಟರು.

"ಕೈ ಕೈ ಮುಟ್ಟ್ಯಾವಲ್ರಿ. ಗುಂಡು ಅಂತೀನಿ."

ಮಾಸ್ತರು ನಕ್ಕರು. ಅರ್ಧ ಮುಖ ಮಾತ್ರ ನಗುತ್ತಿತ್ತು. ವೈನಿ ಕೈ ಬಿಟ್ಟ ಕೂಡಲೇ ಅವರ ಎಡಗೈ ಎದೆಯ ಕಿಸೆಗೆ ಹೋಯಿತು. ಅಲ್ಲಿ ಪೆನ್ನಿರಲಿಲ್ಲ. ನನ್ನ ಕಿಸೆಯಲ್ಲಿದ್ದುದನ್ನು ಕೊಟ್ಟೆ. ಬರೆಯಲು ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ತಗೊಂಡು ಕಿಸೆಗೆ ಸಿಕ್ಕಿಸಿಕೊಂಡರು. ಮನೆಯೊಳಗೆ ಕರೆತರುವಾಗ ನನ್ನ ಕಡೆ ತಿರುಗಿ ಎಡಗೈ ಎತ್ತಿದರು. ಊರ ಮೇಲಿನ ಗುಡ್ಡದ ನೆತ್ತಿಯನ್ನು ತೋರಿಸಿದರು. ಅಲ್ಲಿ ಮನೆಯಷ್ಟು ದೊಡ್ಡ ಕಲ್ಲು ಕೂತಿತ್ತು. ಎಷ್ಟೋ ವರ್ಷದಿಂದ ನಾನು ಚುಚ್ಚುತ್ತ ಬಂದ ಪ್ರಶ್ನೆಗೆ ಉತ್ತರ ಅದು. ಒಬ್ಬನ ಕೈಗೆ ಸಿಗದಿದ್ದರೆ ಇಬ್ಬರು, ಇಬ್ಬರಿಗೆ ಆಗದಿದ್ದರೆ ಹತ್ತು ಮಂದಿ. "ಒಪ್ಪಿದೆ ಮಾಸ್ತರ," ಎಂದೆ.

ಕಥೆಯಾಗಿದ್ದರೆ ಅವರಿಗೆ ಅಂದಿನಿಂದ ಮಾತು ಬರಬೇಕಿತ್ತು. ಬರಲಿಲ್ಲ. ಆ ಒಂದು ಪ್ರಶ್ನೆ ಮಾತ್ರ ಉಳಿಯಿತು. ನೀರು ಬೇಕಾದರೂ "ಇದಕ್ಕ ಏನಂತೀರಿ", ಸಾಕಾದರೂ "ಇದಕ್ಕ ಏನಂತೀರಿ". ವೈನಿ ಮಾತ್ರ ಬೇಜಾರಿಲ್ಲದೆ ಪ್ರತಿ ಸಲವೂ ಉತ್ತರ ಕೊಡುತ್ತಿದ್ದರು. ತಂಬಿಗೆಗೆ ತವರಿನಲ್ಲಿ ಏನನ್ನುತ್ತಾರೆ, ರಂಗಂಪೇಟೆಯಲ್ಲಿ ಏನನ್ನುತ್ತಾರೆ, ಎಲ್ಲ ಹೇಳುತ್ತಿದ್ದರು. ಮಾಸ್ತರು ತಲೆ ಆಡಿಸುತ್ತ ಕೇಳುತ್ತಿದ್ದರು. ಹಾಗೇ ಒಂದು ಬೇಸಿಗೆ ಕಳೆಯಿತು. ಮುಂದಿನದು ಬರುವ ಮೊದಲೇ ನಿದ್ದೆಯಲ್ಲಿ ಹೋದರು. ಬಂಡೆಯ ಹುಟ್ಟು ಸಿಗಲೇ ಇಲ್ಲ. ಬೆನ್ನು ಹಚ್ಚಿದ ಆ ಮೊದಲ ಮನುಷ್ಯ ಯಾರೆಂದು ಈಗ ಹುಡುಕುವವರೂ ಇಲ್ಲ.

ಹೊಲದಲ್ಲಿ ಬಿಸಿಲು ಬೇವಿನ ಗಿಡದ ಬುಡಕ್ಕೆ ಬಂದಿತ್ತು. ವೈನಿ ನೀರು ಕುಡಿದು ತಂಬಿಗೆ ಕೆಳಗಿಟ್ಟರು. ನಾನು ಮೊಣಕಾಲು ಹಿಡಿದುಕೊಂಡು ಎದ್ದು ಹೋದೆ, ತಮ್ಮನೂ ಹಿಂದೆ ಬಂದ.

"ವೈನಿ, ಗುರುತಿಗೆ ಕಲ್ಲ ಇಡಬೇಕಂತ," ಎಂದೆ. "ಎಂಥಾದ್ದು ಇಡೂಣ್ರಿ?"

ಅವರು ಹಸಿಮಣ್ಣಿನ ಕಡೆ ನೋಡಿದರು.

"ಗುಂಡು ಇಡ್ರಿ," ಎಂದರು. "ದೊಡ್ಡದು ಬ್ಯಾಡ. ನನ್ನ ಒಬ್ಬಾಕಿ ಕೈಗೆ ಸಿಗೂವಂಥಾದ್ದು."